‘ನಾನು ಯಾರು’ ಎಂದು ಇಪ್ಪತ್ತು ಸಲ ಬರೆದಾಗ

ಒಂದು ಹಾಳೆಯ ಎಡಬದಿಗೆ 1ರಿಂದ 20ರವರೆಗೆ ಅಂಕಿ ಹಾಕಿಕೊಳ್ಳಿ. ‘ನಾನು ಯಾರು?’ ಎಂಬ ಒಂದೇ ಪ್ರಶ್ನೆಗೆ ಇಪ್ಪತ್ತು ಉತ್ತರ ಬರೆಯಬೇಕು. ಸಮಯ 12 ನಿಮಿಷ. ಯಾರಿಗೋ ಪರಿಚಯ ಹೇಳುವ ಹಾಗಲ್ಲ, ನಿಮಗೆ ನೀವೇ ಹೇಳಿಕೊಳ್ಳುವ ಹಾಗೆ ಬರೆಯಿರಿ. ಯಾವುದು ಮುಖ್ಯ, ಯಾವುದು ಅಲ್ಲ ಎಂದು ಅಳೆಯಬೇಡಿ. ಹೊಳೆದ ಕ್ರಮದಲ್ಲೇ ಬರಲಿ.

ಅಮೆರಿಕದ ಅಯೋವಾದಲ್ಲಿದ್ದ ಸಮಾಜಶಾಸ್ತ್ರಜ್ಞ ಮ್ಯಾನ್‌ಫರ್ಡ್ ಕುನ್, ಥಾಮಸ್ ಮ್ಯಾಕ್‌ಪಾರ್ಟ್ಲೆಂಡ್ ಜೊತೆ 1954ರಲ್ಲಿ ಪ್ರಕಟಿಸಿದ ಪರೀಕ್ಷೆ ಇದು. ಇಷ್ಟು ಸರಳವಾದ ಸಾಧನ ಇಷ್ಟೊಂದು ತೋರಿಸಿಕೊಡುವುದು ಅಪರೂಪ. ಆದರೆ ಹೆಚ್ಚಿನವರು ಅರ್ಧಕ್ಕೇ ಪೆನ್ನು ಕೆಳಗಿಡುತ್ತಾರೆ. ಮೊದಲ ಕೆಲವು ಸಾಲು ಸಲೀಸು: ಮಗಳು, ಅಣ್ಣ, ಶಿಕ್ಷಕಿ, ವಿದ್ಯಾರ್ಥಿ. ಇವನ್ನು ಯಾರು ಬೇಕಾದರೂ ಪರಿಶೀಲಿಸಿ ಹೌದು ಎನ್ನಬಹುದು. ಆಮೇಲೆ ತಡವರಿಕೆ ಶುರುವಾಗುತ್ತದೆ. ‘ಬೇಗ ಸಿಟ್ಟಾಗುವವನು’, ‘ಹಿಂಜರಿಯುವವಳು’ ಎಂಬಂಥ, ವಿವರಿಸಿ ಹೇಳಬೇಕಾದ ಉತ್ತರಗಳು ಬರುವುದು ಆಗಲೇ. ಸಮಾಜ ಒಪ್ಪಿದ ಗುರುತುಗಳು ಮೊದಲು ಬರುತ್ತವೆ, ಅವು ಮುಗಿದ ಮೇಲೆ ಉಳಿದವು ಬರುತ್ತವೆ ಎಂಬುದನ್ನು ಕುನ್ ಕೂಡ ಗಮನಿಸಿದ್ದರು. ಹಾಗಾಗಿ ಹತ್ತಕ್ಕೇ ನಿಂತ ಹಾಳೆಯಿಂದ ಹೆಚ್ಚೇನೂ ತಿಳಿಯುವುದಿಲ್ಲ.

ಬರೆದಾದ ಮೇಲೆ ಓದುವ ಕೆಲಸ. ಸಂಬಂಧ ಅಥವಾ ಪಾತ್ರದ ಸಾಲುಗಳಿಗೆ ಒಂದು ಗುರುತು, ಗುಣ ಹೇಳುವ ಸಾಲುಗಳಿಗೆ ಇನ್ನೊಂದು ಗುರುತು ಹಾಕಿ. ಪಾತ್ರದ ಸಾಲುಗಳಲ್ಲಿ ಬೇರೆಯವರು ಇರುವುದು ಎದ್ದು ಕಾಣುತ್ತದೆ. ಗುಣದ ಸಾಲುಗಳಲ್ಲಿ ಅವರು ಕಣ್ಣಿಗೆ ಬೀಳದೆ ಕೂತಿರುತ್ತಾರೆ, ಅದಕ್ಕೇ ಅಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು. ‘ನಿಧಾನ’ ಎಂದು ಬರೆದಿದ್ದರೆ ಪಕ್ಕದಲ್ಲಿ ‘ಯಾರಿಗಿಂತ?’ ಎಂದು ಬರೆದು ಒಂದು ಹೆಸರು ತುಂಬಿ. ಅಳೆಯಲು ಬೇರೆ ಮಾಪನ ಸಿಗದಾಗ ನಾವು ನಮ್ಮನ್ನು ಇತರರೊಂದಿಗೆ, ಅದರಲ್ಲೂ ನಮ್ಮಂಥವರೊಂದಿಗೆ ಹೋಲಿಸಿಕೊಳ್ಳುತ್ತೇವೆ ಎಂದು ಮನೋವಿಜ್ಞಾನಿ ಲಿಯಾನ್ ಫೆಸ್ಟಿಂಗರ್ 1954ರಲ್ಲೇ ವಾದಿಸಿದ್ದರು. ಒಂದೇ ಸಾಮರ್ಥ್ಯದ ವಿದ್ಯಾರ್ಥಿ ಜಾಣರೇ ತುಂಬಿದ ತರಗತಿಯಲ್ಲಿ ಕೂತರೆ ತನ್ನನ್ನು ಕಡಿಮೆ ಎಂದುಕೊಳ್ಳುತ್ತಾನೆ, ಸಾಧಾರಣ ತರಗತಿಯಲ್ಲಿ ಮೇಲು ಎಂದುಕೊಳ್ಳುತ್ತಾನೆ. ಹರ್ಬರ್ಟ್ ಮಾರ್ಷ್ ಮತ್ತು ಸಂಗಡಿಗರ ಅಧ್ಯಯನಗಳಲ್ಲಿ ಇದು ಮತ್ತೆ ಮತ್ತೆ ಕಂಡುಬಂದಿದೆ. ಯಾರ ಹೆಸರೂ ಹೊಳೆಯದ ಗುಣಗಳಿದ್ದರೆ ಅವು ಬಹುಶಃ ಯಾವತ್ತೋ ಯಾರೋ ಅಂದದ್ದು ಹಾಗೇ ಅಂಟಿಕೊಂಡವು. ಅವನ್ನು ಪ್ರತ್ಯೇಕ ಬರೆದಿಡಿ.

ಮುಂದಿನ ಸುತ್ತಿನಲ್ಲಿ ಅದೇ ಗುಣಗಳ ಮುಂದೆ ಜಾಗ ಸೇರಿಸಿ: ಮನೆಯಲ್ಲಿ, ಕೆಲಸದಲ್ಲಿ, ಗೆಳೆಯರ ನಡುವೆ. 1989ರಲ್ಲಿ ಸ್ಟೀವನ್ ಕಸಿನ್ಸ್ ಜಪಾನ್ ಮತ್ತು ಅಮೆರಿಕದ ವಿದ್ಯಾರ್ಥಿಗಳಿಂದ ಈ ಪರೀಕ್ಷೆ ಮಾಡಿಸಿದಾಗ, ಬರಿಯ ‘ನಾನು ಯಾರು’ ಎಂಬುದಕ್ಕೆ ಗುಣವಾಚಕಗಳನ್ನು ಹೆಚ್ಚು ಬರೆದವರು ಅಮೆರಿಕದವರು. ಸಂದರ್ಭ ಹೇಳಿ ಕೇಳಿದ ಕೂಡಲೇ ಅದು ತಿರುಗಿತು, ಜಪಾನಿನವರು ಗುಣಗಳನ್ನು ಹೆಚ್ಚು ಬರೆದರು. ಅವರಿಗೆ ಗುಣ ಗೊತ್ತಿರಲಿಲ್ಲವೆಂದಲ್ಲ, ಯಾರ ಜೊತೆ ಇದ್ದಾಗ ಎಂದು ತಿಳಿಯದೆ ಹೇಳಲು ಅವರು ಒಪ್ಪಲಿಲ್ಲ ಎಂದೇ ನಾನು ಓದುತ್ತೇನೆ. ‘ಮನೆಯಲ್ಲಿ ಮಾತುಗಾರ, ಕೆಲಸದಲ್ಲಿ ಮೌನಿ’ ಎಂದು ಬಂದರೆ ಅದನ್ನು ಬೂಟಾಟಿಕೆ ಎಂದು ಹಳಿದುಕೊಳ್ಳಬೇಡಿ. ಎರಡೂ ಸಾಲು ಹಾಗೇ ಇರಲಿ.

ಎಲ್ಲಕ್ಕಿಂತ ಹೆಚ್ಚು ಎಡವುವುದು ಇನ್ನೊಂದು ಕಡೆ. ಒಬ್ಬ ನಿರ್ದಿಷ್ಟ ವ್ಯಕ್ತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮೂರು ಕಾಲಂ ಮಾಡಿ: ನನ್ನ ಬಗ್ಗೆ ನನಗೆ ಅನಿಸುವುದು, ಅವರಿಗೆ ಅನಿಸುತ್ತದೆ ಎಂದು ನಾನು ಊಹಿಸುವುದು, ಅವರು ನಿಜಕ್ಕೂ ಹೇಳಿದ್ದು ಅಥವಾ ಮಾಡಿದ್ದು. ಮೂರನೆಯದು ಹೆಚ್ಚಾಗಿ ಖಾಲಿ ಉಳಿಯುತ್ತದೆ, ಎರಡನೆಯದು ಮೊದಲನೆಯದರ ನಕಲಾಗಿರುತ್ತದೆ. ಡೇವಿಡ್ ಕೆನಿ ಮತ್ತು ಬೆಲ್ಲಾ ಡಿಪಾಲೊ 1993ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿ ಕಂಡದ್ದೂ ಇದನ್ನೇ. ಇತರರಿಗೆ ತಮ್ಮ ಬಗ್ಗೆ ಒಟ್ಟಾರೆ ಏನು ಅಭಿಪ್ರಾಯವಿದೆ ಎಂಬುದು ಜನರಿಗೆ ತಕ್ಕಮಟ್ಟಿಗೆ ಗೊತ್ತಿರುತ್ತದೆ, ಆದರೆ ಯಾರು ಹೆಚ್ಚು ಮೆಚ್ಚುತ್ತಾರೆ, ಯಾರು ಕಡಿಮೆ ಎಂಬ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ. ಎದುರಿನವರ ಪ್ರತಿಕ್ರಿಯೆಗಿಂತ ನಮ್ಮದೇ ಅನಿಸಿಕೆಯಿಂದ ಊಹೆ ಕಟ್ಟಿಕೊಳ್ಳುವುದು ಇದಕ್ಕೆ ಕಾರಣ. ಹೀಗೆ ಎಷ್ಟೋ ಜನ ವರ್ಷಗಟ್ಟಲೆ ತಮ್ಮದೇ ಊಹೆಗೆ ಹೆದರಿ ಬದುಕುತ್ತಾರಲ್ಲ, ಅದು ನಿಜಕ್ಕೂ ಸಂಕಟದ ವಿಷಯ.

ಖಾಲಿ ಕಾಲಂ ತುಂಬಲು ಕೇಳಲೇಬೇಕು. ‘ನನ್ನ ಬಗ್ಗೆ ಏನನಿಸುತ್ತೆ?’ ಎಂದರೆ ಹೊಗಳಿಕೆ ಬಿಟ್ಟು ಬೇರೇನೂ ಬರುವುದಿಲ್ಲ. ಒಂದು ಸಂದರ್ಭ, ಒಂದು ನಡವಳಿಕೆ ಹಿಡಿದು ಕೇಳಿ: ‘ಮೊನ್ನೆ ಮೀಟಿಂಗ್‌ನಲ್ಲಿ ನಿಮ್ಮ ಮಾತಿನ ಮಧ್ಯೆ ಬಾಯಿ ಹಾಕಿದೆನಾ?’ ಮೂರರಿಂದ ಐದು ಜನ ಸಾಕು, ಆದರೆ ಎಲ್ಲರೂ ಒಂದೇ ಗುಂಪಿನವರಾಗಿರಬಾರದು. ಉತ್ತರ ಬಂದಾಗ ಸಮರ್ಥನೆಗೆ ಇಳಿದರೆ ಮುಂದಿನ ಸಲ ಅವರು ನಿಜ ಹೇಳುವುದಿಲ್ಲ. ಅವರ ಮಾತನ್ನು ಅವರ ಪದಗಳಲ್ಲೇ ಬರೆದುಕೊಂಡು ಸುಮ್ಮನಾಗಿ.

ಎಲ್ಲವನ್ನೂ ಕೇಳಬೇಕಾಗಿಯೂ ಇಲ್ಲ. ಮನೋವಿಜ್ಞಾನಿ ಸಿಮೀನ್ ವಜೀರ್ 2010ರಲ್ಲಿ ತೋರಿಸಿದಂತೆ ಆತಂಕದಂಥ ಒಳಗಿನ ಸಂಗತಿಗಳನ್ನು ನಾವೇ ಚೆನ್ನಾಗಿ ಬಲ್ಲೆವು. ಬುದ್ಧಿವಂತಿಕೆ, ಸೃಜನಶೀಲತೆಯಂಥ ಮಾನ ಅಪಮಾನಕ್ಕೆ ತಗಲುವ ಗುಣಗಳನ್ನು ಗೆಳೆಯರು ನಮಗಿಂತ ಸರಿಯಾಗಿ ಅಂದಾಜಿಸುತ್ತಾರೆ. ಆತಂಕದ ವಿಷಯದಲ್ಲಿ ‘ನಿನಗೇನೂ ಆಗಿಲ್ಲ’ ಎಂಬ ಗೆಳೆಯರ ಮಾತಿಗಿಂತ ನಿಮ್ಮ ಸಾಲನ್ನೇ ನಂಬಿ. ಮನಸ್ಸು ತೀರಾ ಕುಗ್ಗಿದ ದಿನ ಮಾತ್ರ ಬರೆಯಲು ಕೂರಬೇಡಿ, ಇಪ್ಪತ್ತೂ ಸಾಲು ದೂರುಗಳ ಪಟ್ಟಿಯಾಗುತ್ತದೆ.

ಹಾಳೆಯ ಮೇಲೆ ದಿನಾಂಕದ ಜೊತೆಗೆ ಬರೆಯುವ ಮುಂಚೆ ಯಾರ ನಡುವೆ ಇದ್ದಿರಿ ಎಂಬುದನ್ನೂ ನಮೂದಿಸಿ. ಸುತ್ತಲಿನವರಿಗಿಂತ ಭಿನ್ನವಾದದ್ದೇ ನಮಗೆ ಮೊದಲು ಹೊಳೆಯುತ್ತದೆ. ವಿಲಿಯಂ ಮೆಕ್‌ಗ್ವಾಯರ್ 1970ರ ದಶಕದಲ್ಲಿ ಶಾಲಾಮಕ್ಕಳಲ್ಲಿ ಇದನ್ನು ಕಂಡಿದ್ದರು: ತರಗತಿಯಲ್ಲಿ ಅಪರೂಪವಾದ ಲಕ್ಷಣವಿದ್ದ ಮಕ್ಕಳು ತಮ್ಮ ಬಗ್ಗೆ ಹೇಳುವಾಗ ಅದನ್ನು ಹೆಚ್ಚಾಗಿ ಎತ್ತುತ್ತಿದ್ದರು. ಆರು ತಿಂಗಳ ನಂತರ ಹಳೆಯದನ್ನು ನೋಡದೆ ಇನ್ನೊಮ್ಮೆ ಬರೆದು ಎರಡನ್ನೂ ಅಕ್ಕಪಕ್ಕ ಇಟ್ಟರೆ, ಯಾವ ಸಾಲು ನಿಮ್ಮದು, ಯಾವುದು ಆ ದಿನದ ಗುಂಪಿನದು ಎಂದು ಬೇರ್ಪಡಿಸಲು ಈ ನಮೂದು ಬೇಕಾಗುತ್ತದೆ.