ಟೈಟಾನಿಯಂ ಹಾಳೆಯೊಳಗಿನ ದಿಕ್ಕು

ಟೈಟಾನಿಯಂ ಹಾಳೆಯನ್ನು ಕಾಯಿಸಿ ರೋಲ್ ಮಾಡಿದರೆ ಸುಮ್ನೆ ತೆಳ್ಳಗಾಗುತ್ತದೆ ಅಷ್ಟೇ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಒಳಗೆ ನಡೆಯುವುದು ಅದಕ್ಕಿಂತ ಜಾಸ್ತಿ.

ವಿಮಾನಗಳಲ್ಲಿ ಹೆಚ್ಚು ಬಳಸುವ ಟೈಟಾನಿಯಂ 6-4 (ಸುಮಾರು 6% ಅಲ್ಯೂಮಿನಿಯಂ, 4% ವನಾಡಿಯಂ ಬೆರೆಸಿದ ಮಿಶ್ರಲೋಹ) ತೆಗೆದುಕೊಳ್ಳಿ. ಅದರ ಹರಳುಗಳಿಗೆ ಆಲ್ಫಾ, ಬೀಟಾ ಅಂತ ಎರಡು ರೂಪ. ಸುಮಾರು 995 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಪೂರ್ತಿ ಬೀಟಾ. ಅಲ್ಲಿಂದ ನಿಧಾನವಾಗಿ ತಣಿದರೆ ಆಲ್ಫಾ ಉದ್ದುದ್ದ ಪದರಗಳಾಗಿ ಬೆಳೆಯುತ್ತದೆ. ಆ ಗಡಿಗಿಂತ ಸ್ವಲ್ಪ ಕೆಳಗೆ, ಎರಡೂ ಒಟ್ಟಿಗೆ ಇರುವಾಗ ರೋಲ್ ಮಾಡಿದರೆ, ಈ ಪದರಗಳು ಬಾಗಿ, ತುಂಡಾಗಿ, ಆಮೇಲೆ ಮತ್ತೆ ಕಾಯಿಸಿದಾಗ ಸಣ್ಣ ದುಂಡು ಕಣಗಳಾಗುತ್ತವೆ.

ನನಗೆ ಇನ್ನೂ ಮುಖ್ಯ ಅನ್ನಿಸುವುದು ಟೆಕ್ಸ್ಚರ್, ಅಂದರೆ ಹರಳುಗಳು ಯಾವ ದಿಕ್ಕಿಗೆ ನಿಂತಿವೆ ಅನ್ನುವುದು. ಆಲ್ಫಾ ಹರಳು ಆರು ಮೂಲೆಯದು. ಅದರ ಉದ್ದದ ಅಕ್ಷದಲ್ಲಿ ಬಿಗಿತ ಸುಮಾರು 145 ಗಿಗಾಪಾಸ್ಕಲ್, ಅಡ್ಡಕ್ಕೆ ಸುಮಾರು 100. ಗಡಿಯ ಹತ್ತಿರದ ಬಿಸಿಯಲ್ಲಿ ಒಂದೇ ದಿಕ್ಕಿಗೆ ರೋಲ್ ಮಾಡುತ್ತಾ ಹೋದರೆ ತುಂಬಾ ಹರಳುಗಳ ಅಕ್ಷ ಹಾಳೆಯ ಅಗಲದ ಕಡೆಗೆ ನಿಲ್ಲುತ್ತದೆ, ಹಾಗಾಗಿ ಉದ್ದಕ್ಕೆ ಕತ್ತರಿಸಿದ ತುಂಡಿಗೂ ಅಡ್ಡಕ್ಕೆ ಕತ್ತರಿಸಿದ ತುಂಡಿಗೂ ಬಲವೇ ಬೇರೆ. ಹಾಳೆ ತಿರುಗಿಸಿ ಅಡ್ಡ ರೋಲ್ ಮಾಡಿದರೆ ಈ ವ್ಯತ್ಯಾಸ ಕಡಿಮೆಯಾಗುತ್ತದೆ.

ಒಂದೇ ದಿಕ್ಕಿನ ಹರಳುಗಳು ದೊಡ್ಡ ಗುಂಪಾಗಿ ಉಳಿದರೆ ಅಪಾಯ. 2017ರಲ್ಲಿ ಗ್ರೀನ್‌ಲ್ಯಾಂಡ್ ಮೇಲೆ ಏರ್ ಫ್ರಾನ್ಸ್ ಎ380ರ ಎಂಜಿನ್ನಿನ ಫ್ಯಾನ್ ಹಬ್ (ಫ್ಯಾನ್ ರೆಕ್ಕೆಗಳನ್ನು ಹಿಡಿದಿಡುವ ನಡುಭಾಗ) ಒಡೆಯಿತಲ್ವಾ, ಬಿರುಕು ಶುರುವಾಗಿದ್ದು ಅಂಥದೇ ಗುಂಪಿನಲ್ಲಿ. ಅದು ಫೋರ್ಜ್ ಮಾಡಿದ, ಅಂದರೆ ಕಾಯಿಸಿ ಬಡಿದು ಒತ್ತಿ ಆಕಾರ ಕೊಟ್ಟ ಭಾಗ, ರೋಲ್ ಮಾಡಿದ್ದಲ್ಲ. ಆದರೂ ಲೋಹ ಅದೇ ಟೈಟಾನಿಯಂ 6-4. ಕಣದ ಅಳತೆ ಮಾತ್ರ ನೋಡಿ ಹಾಳೆಯನ್ನು ಪಾಸ್ ಮಾಡಬೇಡಿ, ಹರಳುಗಳ ದಿಕ್ಕಿನ ನಕ್ಷೆಯನ್ನೂ ಕೇಳಿ.