ಚೆಸ್: ಮೊದಲು ಯಾವ ಓಪನಿಂಗ್ ಬಾಯಿಪಾಠ ಮಾಡಲಿ?

ಚೆಸ್ ಕಲಿಯಲು ಹೊರಟವರೆಲ್ಲ ಕೇಳುವುದು ಇದನ್ನೇ: ಸಿಸಿಲಿಯನ್ ಕಲಿಯಲಾ, ಲಂಡನ್ ಕಲಿಯಲಾ? ಇವೆರಡೂ ಓಪನಿಂಗ್‌ಗಳು, ಅಂದರೆ ಆಟ ಶುರುಮಾಡುವ ಸಿದ್ಧ ನಡೆಗಳ ಸಾಲುಗಳು. ಸದ್ಯಕ್ಕೆ ಎರಡೂ ಬೇಡ. ಎದುರಾಳಿ ನೀವು ಓದಿರದ ಒಂದು ನಡೆ ಇಟ್ಟರೆ ಬಾಯಿಪಾಠ ಅಲ್ಲಿಗೇ ನಿಂತುಹೋಗುತ್ತದೆ.

ಮೊದಲ ಹತ್ತು ನಡೆಗಳಲ್ಲಿ ಮಾಡಬೇಕಾದದ್ದು ಇಷ್ಟೇ: ಡಿ4, ಇ4, ಡಿ5, ಇ5 (ಅಕ್ಷರ ಉದ್ದಸಾಲು, ಅಂಕಿ ಅಡ್ಡಸಾಲು) ಈ ನಡುಮನೆಗಳ ಮೇಲೆ ಹಿಡಿತ, ಕುದುರೆ-ಒಂಟೆಗಳು ಹೊರಗೆ, ರಾಜನಿಗೆ ಕ್ಯಾಸ್ಲಿಂಗ್ (ರಾಜ ಎರಡು ಮನೆ ಆನೆಯತ್ತ ಸರಿದು, ಆನೆ ಅವನನ್ನು ದಾಟಿ ಪಕ್ಕದಲ್ಲಿ ನಿಲ್ಲುವ ನಡೆ). ಎಫ್3ರ ಕುದುರೆಗೆ ಎಂಟು ಮನೆ ಎಟುಕುತ್ತವೆ, ಎಚ್3ರಲ್ಲಿ ನಿಂತರೆ ನಾಲ್ಕೇ.

ಇದನ್ನು ಕಣ್ಣಾರೆ ಕಾಣಬೇಕಾದರೆ 1858ರಲ್ಲಿ ಪ್ಯಾರಿಸ್‌ನ ಒಪೆರಾದಲ್ಲಿ ಅಮೆರಿಕದ ಆಟಗಾರ ಪಾಲ್ ಮಾರ್ಫಿ ಬಿಳಿ ಕಾಯಿಗಳಲ್ಲಿ ಆಡಿದ ಆಟವನ್ನು ಬೋರ್ಡಿನ ಮೇಲೆ ಇಟ್ಟು ನೋಡಿ. ಕಪ್ಪು ಮೂರನೇ ನಡೆಯಲ್ಲಿ ಒಂಟೆಯನ್ನು ಜಿ4ಕ್ಕೆ ತಂದು, ನಾಲ್ಕನೆಯದರಲ್ಲಿ ಅದನ್ನು ಕುದುರೆಗೆ ಬದಲು ಕೊಟ್ಟುಬಿಟ್ಟಿತು. ಎರಡು ನಡೆ ಖರ್ಚು, ಒಂಟೆಯೂ ಇಲ್ಲ. ಅದನ್ನು ಹೊಡೆದ ನೆಪದಲ್ಲಿ ಬಿಳಿ ಮಂತ್ರಿ ಹೊರಬಂತು. ಏಳನೇ ನಡೆಯಲ್ಲಿ ಆ ಮಂತ್ರಿ ಬಿ3ಕ್ಕೆ ಸರಿದು ಎಫ್7, ಬಿ7 ಎರಡಕ್ಕೂ ಗುರಿಯಿಟ್ಟಿತು. ಎಫ್7 ಉಳಿಸಲು ಕಪ್ಪು ತನ್ನ ಮಂತ್ರಿಯನ್ನು ಇ7ರಲ್ಲಿ ಇಟ್ಟಿತು. ಎಫ್8ರ ಒಂಟೆಗೆ ದಾರಿ ಮುಚ್ಚಿತು. ಅದು ಕದಲದೆ ಆ ಬದಿಯಲ್ಲಿ ಕ್ಯಾಸ್ಲಿಂಗ್ ಇಲ್ಲ. ಬಿ7ರ ಕಾಲಾಳು ಪುಕ್ಕಟೆ ಸಿಗುತ್ತಿದ್ದರೂ ಮಾರ್ಫಿ ಮುಟ್ಟಲಿಲ್ಲ. ಹೊಡೆದಿದ್ದರೆ ಕಪ್ಪು ಬಿ4ರಿಂದ ಚೆಕ್ ಕೊಟ್ಟು ಮಂತ್ರಿಗಳನ್ನು ಬದಲಾಯಿಸಿಕೊಂಡು ಸುಧಾರಿಸಿಕೊಳ್ಳುತ್ತಿತ್ತು. ಬದಲಿಗೆ ಕುದುರೆ ಸಿ3, ಆಮೇಲೆ ಒಂಟೆ ಜಿ5. ಈಗ ಎಣಿಸಿ: ಬಿಳಿಯ ನಾಲ್ಕು ಕಾಯಿ ಹೊರಗೆ, ಕಪ್ಪಿನವು ಎರಡೇ. 17ನೇ ನಡೆಗೆ ಮೇಟ್ ಆದಾಗ ಕಪ್ಪಿನ ಎಫ್8 ಒಂಟೆ, ಎಚ್8 ಆನೆ ಒಮ್ಮೆಯೂ ಅಲುಗಿರಲಿಲ್ಲ. ಎಷ್ಟು ಸಲ ನೋಡಿದರೂ ಸಾಲದ ಆಟ!

ಹೊಸಬರನ್ನು ಕಾಡುವ ಇನ್ನೊಂದು, ಎರಡನೇ ನಡೆಗೇ ಎಚ್5ಕ್ಕೆ ನುಗ್ಗುವ ಬಿಳಿ ಮಂತ್ರಿ. ನಿಮ್ಮದು ಕಪ್ಪು, ನಿಮ್ಮ ಕಾಲಾಳು ಇ5ರಲ್ಲಿದೆ ಅನ್ನಿ. ಗಾಬರಿಯಲ್ಲಿ ಕಾಲಾಳನ್ನು ಜಿ6ಕ್ಕೆ ಇಟ್ಟರೆ ಆ ಮಂತ್ರಿ ಇ5ರಲ್ಲಿ ಚೆಕ್ ಸಮೇತ ಹೊಡೆದು, ಮುಂದಿನ ನಡೆಗೆ ಮೂಲೆಯ ಆನೆಯನ್ನೂ ನುಂಗುತ್ತದೆ. ಮೊದಲು ಕುದುರೆ ಸಿ6. ಬಿಳಿ ಒಂಟೆ ಸಿ4ಕ್ಕೆ ಬಂದು ಎಫ್7ರಲ್ಲಿ ಮೇಟ್ ಬೆದರಿಕೆ ಹಾಕಿದ ಮೇಲೆ ಜಿ6. ಮಂತ್ರಿ ಎಫ್3ಕ್ಕೆ ಹೋಗಿ ಮತ್ತದೇ ಬೆದರಿಕೆ ಹಾಕಿದರೆ ಕುದುರೆ ಎಫ್6, ಆಮೇಲೆ ಒಂಟೆ ಜಿ7, ಕ್ಯಾಸ್ಲಿಂಗ್. ಅಷ್ಟರಲ್ಲಿ ಬಿಳಿ ಮಂತ್ರಿ ತನ್ನದೇ ಕುದುರೆಯ ಮನೆಯಲ್ಲಿ ಕೂತಿರುತ್ತದೆ.

ಎದುರಾಳಿ ಕಾಯಿಯೊಂದನ್ನು ಬಿಟ್ಟಿ ಕೊಟ್ಟರೆ ಮಾತ್ರ ಈ ನಿಯಮಗಳನ್ನು ಬದಿಗಿಟ್ಟು, ಅದರಲ್ಲಿ ಬಲೆಯಿಲ್ಲವೆಂದು ನೋಡಿಕೊಂಡು ಹೊಡೆಯಿರಿ.

ಹೆಸರಿರುವ ಓಪನಿಂಗೇ ಬೇಕು ಅನ್ನುವವರು ಇಟಾಲಿಯನ್‌ನಿಂದ ಶುರು ಮಾಡಲಿ: ಇ4, ಕುದುರೆ ಎಫ್3, ಒಂಟೆ ಸಿ4. ನಾಲ್ಕನೇ ನಡೆಗೇ ಕ್ಯಾಸ್ಲಿಂಗ್ ಮಾಡಬಹುದು.