ಮೊದಲು ರೈಲು, ಆಮೇಲೆ ಮನೆ: ನಮ್ಮ ಪುಂಗೋಲ್

ಊರಿಂದ ಬಂದ ನೆಂಟರೆಲ್ಲ ಮರೀನಾ ಬೇ ನೋಡುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ, ಹೋಗುತ್ತಾರೆ. ನಾವು ಬಾಡಿಗೆಗಿರುವ ಪುಂಗೋಲ್ ನೋಡೋಣ ಅಂತ ಯಾರೂ ಕೇಳುವುದಿಲ್ಲ. ಸಿಂಗಾಪುರದಲ್ಲಿ ನನಗೆ ತೋರಿಸಬೇಕು ಅನಿಸುವುದು ಇದನ್ನೇ.

ಈಶಾನ್ಯ ಮೂಲೆಯ ಬಡಾವಣೆ ಇದು. ಸುಮಾರು ಎರಡು ಲಕ್ಷ ಜನ ಇದ್ದಾರೆ. ಬಹುಪಾಲು ಮನೆಗಳು ಎಚ್‌ಡಿಬಿ, ಅಂದರೆ 1960ರಲ್ಲಿ ಶುರುವಾದ ಸರ್ಕಾರಿ ವಸತಿ ಮಂಡಳಿ ಕಟ್ಟಿಸಿದ ಫ್ಲಾಟ್‌ಗಳು. ದೇಶದ ಮುಕ್ಕಾಲು ಪಾಲಿಗಿಂತ ಜಾಸ್ತಿ ಜನ ಇರುವುದು ಇಂಥ ಮನೆಗಳಲ್ಲೇ. ದೂರದಿಂದ ನೋಡಿದರೆ ಎತ್ತರದ ಕಟ್ಟಡಗಳ ಸಾಲು, ಅಷ್ಟೇ.

ಮ್ಯಾಪ್ ತೆಗೆದು ನೋಡಿದರೆ ವಿಷಯ ಗೊತ್ತಾಗುತ್ತದೆ. ನಡುವೆ ಪುಂಗೋಲ್ ಎಂಆರ್‌ಟಿ, ಅಂದರೆ ಮೆಟ್ರೋ ಸ್ಟೇಷನ್. ಅದರ ಎರಡೂ ಬದಿಗೆ ಒಂದೊಂದು ಬಳೆ ಇಟ್ಟ ಹಾಗೆ ಎಲ್‌ಆರ್‌ಟಿಯ ಎರಡು ಲೂಪ್. ಡ್ರೈವರ್ ಇಲ್ಲದ ಪುಟ್ಟ ರೈಲು, ಕಂಬಗಳ ಮೇಲೆ ಓಡುತ್ತದೆ. ಸ್ಟೇಷನ್‌ಗಳನ್ನು ಎಷ್ಟು ಹತ್ತಿರ ಹತ್ತಿರ ಇಟ್ಟಿದ್ದಾರೆ ಅಂದರೆ, ಹೆಚ್ಚಿನ ಮನೆಗಳಿಂದ 300–400 ಮೀಟರ್ ನಡೆದರೆ ಒಂದು ಸಿಗುತ್ತದೆ.

ಆ ನಡಿಗೆಯ ಬಗ್ಗೆಯೇ ನಾನು ಬರೆಯಬೇಕು ಅಂದುಕೊಂಡಿದ್ದು. ಲಿಫ್ಟ್ ಇಳಿದರೆ ವಾಯ್ಡ್ ಡೆಕ್. ಕಟ್ಟಡದ ನೆಲಮಹಡಿಯಲ್ಲಿ ಮನೆ ಕಟ್ಟದೆ ಖಾಲಿ ಬಿಟ್ಟ ಜಾಗ. ಅಲ್ಲಿ ಕಲ್ಲಿನ ಬೆಂಚುಗಳಿವೆ, ಬೆಳಿಗ್ಗೆಯೇ ಹಿರಿಯರು ಬಂದು ಕೂತಿರುತ್ತಾರೆ. ಅದನ್ನು ದಾಟಿದರೆ ನಾಲ್ಕೈದು ಕಟ್ಟಡಗಳಿಗೆ ಸೇರಿದ ಹಸಿರು ಜಾಗ. ಮಕ್ಕಳ ಜಾರುಬಂಡೆ, ಒಂದಿಷ್ಟು ಮರ, ನಡುವೆ ಸೂರು ಹಾಕಿದ ಕಾಲುದಾರಿ. ಅದು ಹೋಗಿ ಮುಟ್ಟುವುದು ಸ್ಟೇಷನ್ನಿನ ಲಿಫ್ಟ್‌ಗೆ. ಮಳೆ ಬಂದರೂ ಛತ್ರಿ ಬಿಚ್ಚುವುದು ಅಪರೂಪ. ಹೋದ ಸಲ ಅಮ್ಮ ಬಂದಿದ್ದಾಗ ಮಂಡಿನೋವು ಜೋರಾಗಿತ್ತು. ಆದರೂ ಒಬ್ಬಳೇ ಹೊರಟು, ಪುಂಗೋಲ್‌ನಲ್ಲಿ ರೈಲು ಬದಲಾಯಿಸಿ, ಲಿಟಲ್ ಇಂಡಿಯಾಗೆ ಹೋಗಿ ಕರಿಬೇವು, ಬದನೆಕಾಯಿ ತಂದಳು. ದಾರಿಯಲ್ಲಿ ಒಂದೂ ಮೆಟ್ಟಿಲು ಹತ್ತಲಿಲ್ಲವಂತೆ. ಮಂಡಿನೋವಿನವರಿಗೆ ಇದಕ್ಕಿಂತ ದೊಡ್ಡ ಸೌಲಭ್ಯ ಏನಿದೆ ಹೇಳಿ.

ಮೈಸೂರಲ್ಲಿ ನಾವಿದ್ದ ಬಡಾವಣೆಯಲ್ಲೂ ಪಾರ್ಕ್ ಇತ್ತು. ಸುತ್ತ ಗ್ರಿಲ್, ಒಂದೇ ಗೇಟು, ಬೆಳಿಗ್ಗೆ ಹತ್ತಕ್ಕೆ ಬೀಗ. ಬಸ್ ಸ್ಟಾಪಿಗೆ ಹೋಗಬೇಕಾದರೆ ಆ ಗ್ರಿಲ್ ಪಕ್ಕದಲ್ಲೇ ಸುತ್ತಿಕೊಂಡು, ಸ್ಕೂಟರುಗಳ ನಡುವೆ ನಡೆಯಬೇಕಿತ್ತು. ಪಾರ್ಕ್‌ಗೆ ಅಂತಲೇ ಹೊರಟರೆ ಮಾತ್ರ ಪಾರ್ಕ್. ಇಲ್ಲಿ ಹಾಗಲ್ಲ. ಆಫೀಸಿಗೆ ಹೋಗುವವರೂ ಶಾಲೆಗೆ ಹೋಗುವವರೂ ದಿನಾ ಮರದ ಕೆಳಗೇ ಹಾದುಹೋಗುತ್ತಾರೆ. ವಾಕಿಂಗಿಗೆ ಪುರುಸೊತ್ತಿಲ್ಲದವರಿಗೂ ಹಸಿರು ಸಿಗುತ್ತದೆ. ನನ್ನ ಮಟ್ಟಿಗೆ ಇಡೀ ಬಡಾವಣೆಯ ಜಾಣತನ ಇರುವುದು ಇಲ್ಲೇ.

ಹಿಂದೆ ಇಲ್ಲಿ ಹಂದಿ, ಕೋಳಿ ಸಾಕುವ ಫಾರಂಗಳಿದ್ದವು. 1996ರಲ್ಲಿ ಆಗಿನ ಪ್ರಧಾನಿ ಗೋ ಚೋಕ್ ಟೋಂಗ್ ‘ಪುಂಗೋಲ್ 21’ ಯೋಜನೆ ಪ್ರಕಟಿಸಿದರು. ಮರುವರ್ಷವೇ ಏಷ್ಯಾದ ಆರ್ಥಿಕ ಬಿಕ್ಕಟ್ಟು ಬಂತು, ಮನೆ ಕಟ್ಟುವ ಕೆಲಸ ಕುಂಟಿತು. ರೈಲಿನ ಕೆಲಸ ಮಾತ್ರ ಮುಂದುವರಿಯಿತು. 2003ರಲ್ಲಿ ಎಂಆರ್‌ಟಿ ಬಂತು, 2005ರಲ್ಲಿ ಪೂರ್ವದ ಲೂಪ್. ಪಶ್ಚಿಮದ ಲೂಪ್ ಕಟ್ಟಿಟ್ಟಿದ್ದರೂ ಸುತ್ತ ಜನವೇ ಇರಲಿಲ್ಲ. ಅದು ಓಡಿದ್ದು 2014ರಲ್ಲಿ. ಅದೇ ಲೂಪಿನ ಟೆಕ್ ಲೀ ಸ್ಟೇಷನ್ ಬಾಗಿಲು ತೆರೆದಿದ್ದು 2024ರ ಆಗಸ್ಟ್‌ನಲ್ಲಿ! ಅಷ್ಟು ವರ್ಷ ಸ್ಟೇಷನ್ ಸುಮ್ನೆ ನಿಂತಿತ್ತು. ದುಡ್ಡು ದಂಡ ಅಂತ ಯಾರಿಗಾದರೂ ಅನಿಸುತ್ತದೆ. ನನಗೆ ಹಾಗನ್ನಿಸುವುದಿಲ್ಲ. ಮನೆಗಳೆಲ್ಲ ಎದ್ದ ಮೇಲೆ ನಡುವೆ ಕಂಬ ಊರಲು ಹೊರಟರೆ ಏನಾಗುತ್ತದೆ ಅಂತ ಬೆಂಗಳೂರಿನವರಿಗೆ ಹೇಳಿಕೊಡಬೇಕಾ? ಜಯನಗರಕ್ಕೆ ಅಡಿಗಲ್ಲು ಬಿದ್ದಿದ್ದು 1948ರಲ್ಲಿ, ಮೆಟ್ರೋ ಬಂದಿದ್ದು 2017ರಲ್ಲಿ. ಆ ಕಾಲದವರನ್ನು ದೂರುತ್ತಿಲ್ಲ, ಆಗ ಮೆಟ್ರೋ ಯೋಚನೆ ಯಾರಿಗೂ ಇರಲಿಲ್ಲ. ಅವರು ಮರಕ್ಕೂ ಮೈದಾನಕ್ಕೂ ಧಾರಾಳವಾಗಿ ಜಾಗ ಬಿಟ್ಟರು, ನಾಲ್ಕನೇ ಬ್ಲಾಕಿನಲ್ಲಿ ಅಂಗಡಿಗಳ ಪಕ್ಕದಲ್ಲೇ ಬಸ್ ನಿಲ್ದಾಣ ಬಂತು. ಈಗ ಹೊಸ ಬಡಾವಣೆಗೆ ಜಮೀನು ಗುರುತು ಮಾಡುವಾಗಲೂ ರೈಲಿನ ಮಾತು ಕೊನೆಗೆ ಬರುತ್ತದಲ್ಲ, ನನಗೆ ಬೇಜಾರು ಅದಕ್ಕೆ.

ನೀರಿನ ಕಥೆಯೂ ಹೇಳಬೇಕು. ಬಡಾವಣೆಯ ಎರಡು ಬದಿಯ ಎರಡು ನದಿಗಳಿಗೆ ಒಡ್ಡು ಕಟ್ಟಿ ಜಲಾಶಯ ಮಾಡಿದ್ದಾರೆ. ಎರಡನ್ನೂ ಸೇರಿಸಲು ಊರ ಮಧ್ಯೆ 4.2 ಕಿಲೋಮೀಟರ್ ಕಾಲುವೆ ತೋಡಿದರು. 2011ರಲ್ಲಿ ತೆರೆದ ಪುಂಗೋಲ್ ವಾಟರ್‌ವೇ ಅದು. ಸುಮ್ನೆ ನೀರು ಸಾಗಿಸುವುದಕ್ಕಾದರೆ ಪೈಪೇ ಸಾಕಿತ್ತು. ಇವರು ದಡದಲ್ಲಿ ನಡೆಯುವ ದಾರಿ, ಸೈಕಲ್ ದಾರಿ, ಮರ, ಸೇತುವೆ ಎಲ್ಲ ಮಾಡಿದರು. ಹಳೆಯ ಪುಂಗೋಲ್ ರಸ್ತೆಯ ಒಂದು ತುಂಡನ್ನೂ ನಡೆಯುವವರಿಗೆ ಅಂತ ಉಳಿಸಿದ್ದಾರೆ. ಸಂಜೆ ನಾನು ಮನೆ ಹತ್ತಿರದ ಸ್ಟೇಷನ್ ಬಿಟ್ಟು ಓಯಸಿಸ್‌ನಲ್ಲಿ ಇಳಿದುಬಿಡುತ್ತೇನೆ. ಪಕ್ಕದ ಓಯಸಿಸ್ ಟೆರೇಸಸ್‌ನಲ್ಲಿ ಅಂಗಡಿಗಳಿವೆ, ಸರ್ಕಾರಿ ಪಾಲಿಕ್ಲಿನಿಕ್ ಇದೆ. ಕಟ್ಟಡವೇ ಗಿಡಗಳ ಜೊತೆ ಹಂತ ಹಂತವಾಗಿ ಕಾಲುವೆಯ ಕಡೆ ಇಳಿಯುತ್ತದೆ. ಅಮ್ಮನ ಬಿಪಿ ಮಾತ್ರೆ, ತರಕಾರಿ, ಒಂದು ಸುತ್ತು ನಡಿಗೆ, ಮೂರೂ ಒಂದೇ ದಾರಿಯಲ್ಲಿ ಮುಗಿಯುತ್ತವೆ.

ಎಲ್ಲ ಸರಿ ಇದೆ ಅಂತಲ್ಲ. ರೈಲು ಮೊದಲೇ ಬಂತು, ಊಟದ ಜಾಗ ಬರಲಿಲ್ಲ. ಒನ್ ಪುಂಗೋಲ್ ಅನ್ನುವ ಸಮುದಾಯ ಕಟ್ಟಡದಲ್ಲಿ ಹಾಕರ್ ಸೆಂಟರ್, ಅಂದರೆ ಕಡಿಮೆ ದರದ ಊಟದ ಅಂಗಡಿಗಳೆಲ್ಲ ಒಂದೇ ಸೂರಿನಡಿ ಇರುವ ಜಾಗ, ತೆರೆದಿದ್ದು 2022ರಲ್ಲಿ. ಅಷ್ಟು ವರ್ಷ ಜನ ಮಾಲಿನ ದರಕ್ಕೋ, ಕಾಫಿ ಶಾಪಿನ ನಾಲ್ಕಾರು ಅಂಗಡಿಗೋ ಹೊಂದಿಕೊಳ್ಳಬೇಕಾಯಿತು. ರೈಲಿಗೆ ತೋರಿಸಿದ ದೂರದೃಷ್ಟಿ ಊಟಕ್ಕೂ ಬೇಕಿತ್ತು ಅಲ್ವಾ? ಬೆಳಿಗ್ಗೆ ಎಂಟರ ಹೊತ್ತಿಗೆ ಪುಟ್ಟ ಎಲ್‌ಆರ್‌ಟಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಸ್ಟ್ರಾಲರ್ ಹಿಡಿದ ಅಮ್ಮಂದಿರು ಮುಂದಿನ ರೈಲಿಗೆ ಕಾಯುವುದನ್ನು ದಿನಾ ನೋಡುತ್ತೇನೆ. ಚಿಕ್ಕ ಮಕ್ಕಳ ಸಂಸಾರಗಳೇ ಜಾಸ್ತಿ ಇರುವ ಬಡಾವಣೆಯಲ್ಲಿ ಇದು ಸಣ್ಣ ತೊಂದರೆಯಲ್ಲ.

ಆದರೂ ನೀವು ಈ ಕಡೆ ಬಂದರೆ ಅರ್ಧ ದಿನ ಇಟ್ಟುಕೊಳ್ಳಿ. ಪುಂಗೋಲ್‌ನಲ್ಲಿ ಪೂರ್ವ ಲೂಪಿನ ಎಲ್‌ಆರ್‌ಟಿ ಹತ್ತಿ, ಮುಂದಿನ ಕಿಟಕಿ ಹತ್ತಿರ ನಿಂತು ಪೂರ್ತಿ ಒಂದು ಸುತ್ತು ಹಾಕಿ. ಆಮೇಲೆ ಓಯಸಿಸ್‌ನಲ್ಲಿ ಇಳಿದು ಕಾಲುವೆ ಪಕ್ಕ ನಡೆಯಿರಿ. ಸಂಜೆ ಐದರ ಮೇಲೆ ಬನ್ನಿ. ಕೆಲವು ಕಡೆ ಮರಗಳು ಇನ್ನೂ ಎಳೆಯವು, ಮಧ್ಯಾಹ್ನ ನೆರಳು ಸಾಲದು.